ಶಂಖ ಬಿಡಿ, ಕಾಲು ನೋಡಿ: ಕಾಂಡ್ಲಾ ಕಾಡಿನ ಸನ್ಯಾಸಿ ಏಡಿಯನ್ನು ಗುರುತಿಸುವ ಬಗೆ

ನೀರು ಇಳಿದ ಹೊತ್ತಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಓಡಾಡಿ ಬಂದವರು ತೋರಿಸುವ ಸನ್ಯಾಸಿ ಏಡಿಯ ಚಿತ್ರಗಳಲ್ಲಿ ಬಹುಪಾಲು ಒಂದೇ ತರಹ ಇರುತ್ತವೆ. ನಡುವೆ ಕೆಸರು ಮೆತ್ತಿದ ಶಂಖ, ಅದರ ಬಾಯಲ್ಲಿ ಮಸುಕಾಗಿ ನಾಲ್ಕಾರು ಕಾಲಿನ ತುದಿ. ಜೊತೆಗೆ ಒಂದು ಪ್ರಶ್ನೆ: ಇದು ಯಾವ ಪ್ರಭೇದ? ಶಂಖವನ್ನು ಎಷ್ಟು ಚಂದವಾಗಿ ತೆಗೆದಿದ್ದರೂ ಉತ್ತರ ಅದರಲ್ಲಿ ಇಲ್ಲ. ಅದನ್ನು ಕಟ್ಟಿದ್ದು ಯಾವುದೋ ಬಸವನಹುಳು. ಏಡಿ ಬರೀ ಒಕ್ಕಲು. ಇವತ್ತು ಉದ್ದ ಮೂತಿಯ ಟೆಲಿಸ್ಕೋಪಿಯಂ ಶಂಖದಲ್ಲಿರುವ ಏಡಿ ಮುಂದಿನ ತಿಂಗಳು ದುಂಡನೆಯ ನೆರಿಟಾ ಚಿಪ್ಪಿನಲ್ಲಿ ಸಿಗಬಹುದು. ಒಂದೇ ಬಗೆಯ ಶಂಖದೊಳಗೆ ಮೂರು ಬೇರೆ ಬೇರೆ ಪ್ರಭೇದದ ಏಡಿಗಳೂ ಇರಬಹುದು. ಆ ಜಾಗದಲ್ಲಿ ಯಾವ ಹುಳುಗಳು ಸತ್ತಿವೆ ಎಂಬುದನ್ನು ಶಂಖ ಹೇಳುತ್ತದೆ, ಅಷ್ಟೇ.

ಹಾಗಾದರೆ ನೋಡಬೇಕಾದ್ದು ಏನನ್ನು? ಕಣ್ಣುಗಳ ನಡುವಿನ ಜಾಗ, ಇಕ್ಕುಳಗಳ ಗಾತ್ರ, ಮೀಸೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಲಿನ ಕೊನೆಯ ಎರಡು ಖಂಡಗಳನ್ನು. ಈ ಲೇಖನದಲ್ಲಿ ಉದಾಹರಣೆಗೆ ಒಂದೇ ಪ್ರಭೇದವನ್ನು ಹಿಡಿದುಕೊಂಡಿದ್ದೇನೆ, ಕ್ಲಿಬನೇರಿಯಸ್ ಲಾಂಗಿಟಾರ್ಸಸ್. ಪೂರ್ವ ಆಫ್ರಿಕಾದಿಂದ ಭಾರತದ ಕರಾವಳಿಯನ್ನು ಬಳಸಿಕೊಂಡು ಜಪಾನಿನವರೆಗೆ ಅಳಿವೆಗಳಲ್ಲೂ ಕಾಂಡ್ಲಾ ಕೆಸರಿನಲ್ಲೂ ಬದುಕುವ ಏಡಿ ಇದು. ಇದರ ಹೆಸರಿನವರೆಗೆ ಹೋಗುವ ದಾರಿಯನ್ನು ಒಮ್ಮೆ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಉಳಿದವಕ್ಕೂ ಅದೇ ದಾರಿ ಸಾಕು.

ಮೊದಲು ದೇಹದ ಪರಿಚಯ

ಸನ್ಯಾಸಿ ಏಡಿ ಏಡಿಗಳ ಬಳಗದ ಹತ್ತಿರದ ನೆಂಟ, ಆದರೆ ನಾವು ಸಾರು ಮಾಡುವ ಏಡಿಯ ವಂಶದ್ದಲ್ಲ. ನಿಜವಾದ ಏಡಿಗಳು ಬ್ರಾಕ್ಯುರಾ ಎಂಬ ಗುಂಪಿಗೆ ಸೇರಿದರೆ, ಇವು ಅನೊಮುರಾ ಎಂಬ ಇನ್ನೊಂದು ಗುಂಪಿನವು. ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಮೈಯ ಮುಂಭಾಗ ಗಟ್ಟಿ, ಹೊಟ್ಟೆಯ ಭಾಗ ಮೆತ್ತಗೆ. ಆ ಹೊಟ್ಟೆ ಶಂಖದ ಸುರುಳಿಗೆ ಹೊಂದುವಂತೆ ಒಂದು ಬದಿಗೆ ತಿರುಚಿಕೊಂಡಿರುತ್ತದೆ. ಬಸವನಹುಳುಗಳ ಶಂಖಗಳಲ್ಲಿ ಹೆಚ್ಚಿನವು ಬಲಕ್ಕೆ ಸುತ್ತುವುದರಿಂದ ಏಡಿಯ ಹೊಟ್ಟೆಯೂ ಬಲಕ್ಕೆ ಬಾಗಿದೆ. ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಯ ಎಡ ಬದಿಯ ಸಣ್ಣ ಉಪಾಂಗಗಳಿಗೆ ಅಂಟಿಸಿಕೊಳ್ಳುತ್ತದೆ.

ಕಾಲುಗಳು ಐದು ಜೊತೆ. ಮೊದಲನೆಯ ಜೊತೆ ಇಕ್ಕುಳಗಳು. ಎರಡನೆಯ, ಮೂರನೆಯ ಜೊತೆ ನಡೆಯುವ ಉದ್ದ ಕಾಲುಗಳು. ನಾಲ್ಕು ಮತ್ತು ಐದನೆಯ ಜೊತೆ ಪುಟ್ಟವು. ಅವು ಒಳಗಿನಿಂದ ಶಂಖದ ಗೋಡೆಯನ್ನು ಒತ್ತಿ ಹಿಡಿದಿರುತ್ತವೆ. ಹೊರಗೆ ನಮಗೆ ಕಾಣುವುದು ಮೊದಲ ಮೂರು ಜೊತೆ ಮಾತ್ರ. ಪುಣ್ಯಕ್ಕೆ ಗುರುತಿಸಲು ಬೇಕಾದ ಬಹುಪಾಲು ಲಕ್ಷಣಗಳು ಈ ಮೂರು ಜೊತೆಯಲ್ಲೂ ತಲೆಯಲ್ಲೂ ಇವೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಶಂಖದೊಳಗೆ ತಿರುಚಿ ಕೂರುವ ಪ್ರಾಣಿಯಾದ್ದರಿಂದ ಇದರ ಎಡಗಾಲು, ಬಲಗಾಲು ಅಚ್ಚುಕಟ್ಟಾಗಿ ಒಂದೇ ಆಕಾರದಲ್ಲಿ ಇರುವುದಿಲ್ಲ. ಆದ್ದರಿಂದಲೇ ತಜ್ಞರು ಪ್ರಭೇದದ ವಿವರಣೆ ಬರೆಯುವಾಗ ಮೂರನೆಯ ಜೊತೆಯ ಎಡಗಾಲನ್ನು ವಿಶೇಷವಾಗಿ ಹಿಡಿದು ಅಳೆಯುತ್ತಾರೆ, ಅದರ ಚಿತ್ರ ಬರೆಯುತ್ತಾರೆ. ಬಲಬದಿಯ ಚಿತ್ರ ಒಂದೇ ತೆಗೆದು ಕಳಿಸಿದವರಿಗೆ ತಜ್ಞರು ಹಿಂಜರಿಯುತ್ತ ಉತ್ತರಿಸುವುದಕ್ಕೆ ಇದೂ ಒಂದು ಕಾರಣ. ಗಾತ್ರ ಹೇಳುವಾಗಲೂ ಶಂಖದ ಉದ್ದ ಲೆಕ್ಕಕ್ಕಿಲ್ಲ. ಬೆನ್ನಿನ ಮುಂದಿನ ಗಟ್ಟಿ ಭಾಗಕ್ಕೆ ಶೀಲ್ಡ್ ಎನ್ನುತ್ತಾರೆ. ಅದರ ಉದ್ದವೇ ಏಡಿಯ ಅಧಿಕೃತ ಅಳತೆ. ದೊಡ್ಡ ಶಂಖ ಹೊತ್ತು ಭಾರಿಯಾಗಿ ಕಾಣುವ ಕಾಂಡ್ಲಾ ಏಡಿಯ ಶೀಲ್ಡ್ ಅಳೆದರೆ ಹಲವು ಸಲ ಒಂದು ಸೆಂಟಿಮೀಟರ್ ಕೂಡ ತುಂಬುವುದಿಲ್ಲ.

ಯಾವ ಕುಟುಂಬ, ಯಾವ ಕುಲ

ಮೊದಲ ಮೆಟ್ಟಿಲಿನಲ್ಲಿ ಕೇಳಬೇಕಾದ ಪ್ರಶ್ನೆ: ಯಾವ ಇಕ್ಕುಳ ದೊಡ್ಡದು? ಬಲದ್ದು ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ ಪ್ಯಾಗ್ಯುರಿಡೇ ಕುಟುಂಬದ ಕಡೆ ಬೆರಳು ತೋರಿಸಬಹುದು. ತಂಪು ನೀರಿನ ಕಡಲುಗಳಲ್ಲಿ ಅವುಗಳದೇ ಕಾರುಬಾರು. ಎಡದ್ದು ದೊಡ್ಡದಾಗಿದ್ದರೆ ಅಥವಾ ಎರಡೂ ಸಮವಾಗಿದ್ದರೆ ಡಯೋಜಿನಿಡೇ ಕುಟುಂಬ. ಉಷ್ಣವಲಯದ ತೀರದ ಆಳವಿಲ್ಲದ ನೀರಿನಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಇವೇ. ಇಕ್ಕುಳದ ಗಾತ್ರ ಒಂದನ್ನೇ ನಂಬಿ ಕುಟುಂಬ ತೀರ್ಮಾನಿಸುವುದು ಪೂರ್ತಿ ಸರಿಯಲ್ಲ. ಬಾಯಿಯ ಬಳಿ ಇರುವ ಮೂರನೆಯ ಜೊತೆ ದವಡೆಗಾಲುಗಳ ಬುಡ ಪ್ಯಾಗ್ಯುರಿಡೇಯಲ್ಲಿ ದೂರ ದೂರ, ಡಯೋಜಿನಿಡೇಯಲ್ಲಿ ಹತ್ತಿರ ಹತ್ತಿರ ಇರುತ್ತದೆ ಎಂಬುದು ಹೆಚ್ಚು ಭದ್ರವಾದ ಲಕ್ಷಣ. ಆದರೆ ಅದನ್ನು ನೋಡಲು ಏಡಿಯನ್ನು ಕೆಳಗಿನಿಂದ ಭೂತಗನ್ನಡಿಯಲ್ಲಿ ನೋಡಬೇಕು. ಕಾಂಡ್ಲಾ ಕೆಸರಿನಲ್ಲಿ ನಿಂತವರಿಗೆ ಇಕ್ಕುಳವೇ ಗತಿ.

ಮೂರನೆಯ ಕುಟುಂಬವೂ ಒಂದಿದೆ, ಸೀನೋಬಿಟಿಡೇ. ನೆಲದ ಮೇಲೆ ಬದುಕುವ ಸನ್ಯಾಸಿ ಏಡಿಗಳು ಇದರಲ್ಲಿ ಸೇರುತ್ತವೆ. ಅಂಡಮಾನ್, ಲಕ್ಷದ್ವೀಪಗಳ ಮರಳಿನಲ್ಲಿ ರಾತ್ರಿ ಕಾಣುವ ಸೀನೋಬಿಟ ಕುಲದವು ಇವೇ. ಕಾಂಡ್ಲಾ ಕಾಡಿನ ನೆಲದ ಕಡೆಯ ಅಂಚಿಗೂ ಕೆಲವು ಪ್ರಭೇದಗಳು ಬರುತ್ತವೆ, ಹಾಗಾಗಿ ಗೊಂದಲಕ್ಕೆ ಅವಕಾಶವಿದೆ. ಆದರೆ ಗೊಂದಲ ಬಿಡಿಸುವುದು ಕಷ್ಟವಲ್ಲ. ಸೀನೋಬಿಟದ ಕಣ್ಣಿನ ತೊಟ್ಟುಗಳು ಪಕ್ಕದಿಂದ ಅದುಮಿದಂತೆ ಚಪ್ಪಟೆ. ಒಳಜೊತೆಯ ಮೀಸೆಯ ತುದಿ ದಾರದಂತೆ ಸಣ್ಣಗಾಗದೆ ಕಡ್ಡಿಯನ್ನು ಕತ್ತರಿಸಿದಂತೆ ಮೊಂಡಾಗಿರುತ್ತದೆ. ಎಡದ ಇಕ್ಕುಳ ದೊಡ್ಡದು, ಏಡಿ ಒಳಗೆ ಸೇರಿಕೊಂಡಾಗ ಶಂಖದ ಬಾಯಿ ಮುಚ್ಚುವುದೇ ಅದು. ನೀರಿನ ಸನ್ಯಾಸಿ ಏಡಿಗಳಿಗೆ ದುಂಡನೆಯ ಕಣ್ಣಿನ ತೊಟ್ಟು, ಎಳೆಯಂತಹ ಮೀಸೆ. ಇಷ್ಟು ನೋಡಿದರೆ ಸೀನೋಬಿಟವನ್ನು ಪಕ್ಕಕ್ಕಿಡಬಹುದು.

ಈಗ ಉಳಿದದ್ದು ಡಯೋಜಿನಿಡೇ. ಇದರೊಳಗೆ ಅಳಿವೆ ಮತ್ತು ಕಾಂಡ್ಲಾಗಳಲ್ಲಿ ಪದೇ ಪದೇ ಎದುರಾಗುವ ಕುಲಗಳು ಎರಡು: ಡಯೋಜಿನಿಸ್ ಮತ್ತು ಕ್ಲಿಬನೇರಿಯಸ್. ಎರಡಕ್ಕೂ ಹೆಸರಿಟ್ಟವನು ಒಬ್ಬನೇ, ಅಮೆರಿಕದ ಜೇಮ್ಸ್ ಡ್ವೈಟ್ ಡೇನ. ಮೊದಲನೆಯದನ್ನು 1851ರಲ್ಲಿ, ಎರಡನೆಯದನ್ನು 1852ರಲ್ಲಿ. 1838ರಿಂದ 1842ರವರೆಗೆ ಶಾಂತಸಾಗರ ಸುತ್ತಿದ ಅಮೆರಿಕದ ಸರ್ಕಾರಿ ನೌಕಾಯಾನದಲ್ಲಿ ವಿಜ್ಞಾನಿಯಾಗಿ ಹೋಗಿದ್ದವನು ಆತ.

ಡಯೋಜಿನಿಸ್‌ನಲ್ಲಿ ಎಡ ಇಕ್ಕುಳ ಬಲದ್ದಕ್ಕಿಂತ ಸ್ಪಷ್ಟವಾಗಿ ದೊಡ್ಡದು. ಕಣ್ಣಿನ ತೊಟ್ಟುಗಳ ಬುಡದಲ್ಲಿ ಎರಡು ಪುಟ್ಟ ಹುರುಪೆಗಳಿರುತ್ತವೆ. ಅವುಗಳ ನಡುವೆ ಅಲ್ಲಾಡಬಲ್ಲ ಒಂದು ಸಣ್ಣ ಮುಳ್ಳು ಈ ಕುಲದಲ್ಲಿ ಇದೆ. ಮೀಸೆಗೆ ಹಲವು ಪ್ರಭೇದಗಳಲ್ಲಿ ಗರಿಯ ಹಾಗೆ ಉದ್ದ ಕೂದಲು. ಅದನ್ನು ನೀರಿನಲ್ಲಿ ಬೀಸಿ ತೇಲುವ ಆಹಾರ ಹಿಡಿಯುತ್ತವೆ. ಮರಳಿನಲ್ಲಿ ಅರ್ಧ ಹುಗಿದುಕೊಂಡು ಕೂರುವ ಅಭ್ಯಾಸವೂ ಉಂಟು.

ಕ್ಲಿಬನೇರಿಯಸ್‌ನಲ್ಲಿ ಎರಡೂ ಇಕ್ಕುಳಗಳು ಸಮ ಅಥವಾ ಹೆಚ್ಚುಕಡಿಮೆ ಸಮ. ಕಣ್ಣಿನ ಹುರುಪೆಗಳ ನಡುವೆ ಆ ಮುಳ್ಳು ಇಲ್ಲ. ಇಕ್ಕುಳದ ಬೆರಳುಗಳು ಮೇಲಕ್ಕೂ ಕೆಳಕ್ಕೂ ಅಲ್ಲ, ಅಡ್ಡಡ್ಡಲಾಗಿ ತೆರೆದು ಮುಚ್ಚುತ್ತವೆ. ಬೆರಳಿನ ತುದಿ ಕಪ್ಪಗೆ, ಉಗುರಿನಂತೆ, ಒಳಬದಿ ಸೌಟಿನ ಹಾಗೆ ತಗ್ಗು. ಬೇರು, ಕೆಸರು, ಕಲ್ಲಿನ ಮೇಲಿನ ಪಾಚಿ ಕೊಳೆಗಳನ್ನು ಕೆರೆದು ಬಾಯಿಗೆ ಹಾಕಿಕೊಳ್ಳಲು ಅನುಕೂಲವಾದ ಆಕಾರ ಅದು. ಇಕ್ಕುಳ ಸಮವಾಗಿರುವ ಇನ್ನೊಂದು ಕುಲವೂ ಇದೆ, ಪ್ಯಾಗ್ಯುರಿಸ್ಟಿಸ್. ಅದರ ಗಂಡಿಗೆ ಹೊಟ್ಟೆಯ ಮೊದಲ ಎರಡು ಖಂಡಗಳಲ್ಲಿ ಜೊತೆ ಉಪಾಂಗಗಳಿರುತ್ತವೆ, ಕ್ಲಿಬನೇರಿಯಸ್‌ಗೆ ಇಲ್ಲ. ಶಂಖದೊಳಗಿನ ಆ ಭಾಗ ನಮಗೆ ಕಾಣದು, ಆದರೆ ಪ್ಯಾಗ್ಯುರಿಸ್ಟಿಸ್‌ಗಳು ಸಾಮಾನ್ಯವಾಗಿ ಆಳದ ನೀರಿನವು, ಕೂದಲು ಜಾಸ್ತಿ. ಉಬ್ಬರ ಇಳಿತದ ನಡುವಿನ ಕಾಂಡ್ಲಾ ಕೆಸರಿನಲ್ಲಿ ಸಮ ಇಕ್ಕುಳದ, ಕಾಲಿನುದ್ದಕ್ಕೂ ಪಟ್ಟೆ ಇರುವ ಸನ್ಯಾಸಿ ಏಡಿ ಕಂಡರೆ ಕ್ಲಿಬನೇರಿಯಸ್ ಎಂದು ಸಾಕಷ್ಟು ಧೈರ್ಯದಿಂದ ಬರೆಯಬಹುದು.

ಇಲ್ಲಿಗೆ ಬರುವುದು ಸುಲಭ. ಮುಂದಿನದು ಹಾಗಲ್ಲ. ಈ ಒಂದು ಕುಲದಲ್ಲೇ ಸುಮಾರು 60 ಪ್ರಭೇದಗಳಿವೆ.

ಕಾಲಿನ ಕೊನೆಯ ಎರಡು ಖಂಡ

ಲಾಂಗಿಟಾರ್ಸಸ್ ಎಂಬ ಪದಕ್ಕೆ ಉದ್ದ ಪಾದ ಎಂಬ ಅರ್ಥ. ಹೆಸರಿಟ್ಟವನು ಗುರುತನ್ನೇ ಹೆಸರಾಗಿಸಿದ್ದಾನೆ. ನಡೆಯುವ ಕಾಲಿನ ಕಟ್ಟಕಡೆಯ, ಉಗುರಿನ ಖಂಡಕ್ಕೆ ಡ್ಯಾಕ್ಟಿಲಸ್ ಎನ್ನುತ್ತಾರೆ. ಅದರ ಹಿಂದಿನದು ಪ್ರೊಪೋಡಸ್. ಲಾಂಗಿಟಾರ್ಸಸ್‌ನಲ್ಲಿ ಡ್ಯಾಕ್ಟಿಲಸ್ ಪ್ರೊಪೋಡಸ್‌ಗಿಂತ ಎದ್ದು ಕಾಣುವಷ್ಟು ಉದ್ದ. ಇದಕ್ಕೆ ಎದುರು ಬದಿಯಲ್ಲಿ ಕ್ಲಿಬನೇರಿಯಸ್ ವಿರೆಸೆನ್ಸ್ ಎಂಬುದನ್ನು ಇಟ್ಟು ನೋಡಿ. ಬಂಡೆ ತೀರಗಳಲ್ಲಿ ಸಿಗುವ ಹಸಿರು ಛಾಯೆಯ ಈ ಪ್ರಭೇದದಲ್ಲಿ ಡ್ಯಾಕ್ಟಿಲಸ್ ಪ್ರೊಪೋಡಸ್‌ಗಿಂತ ಗಿಡ್ಡ, ಕಾಲಿನ ತುದಿ ಹಳದಿ. ಅಳತೆಪಟ್ಟಿ ಬೇಕಿಲ್ಲ, ಪಕ್ಕದಿಂದ ತೆಗೆದ ಒಂದು ಒಳ್ಳೆಯ ಚಿತ್ರದಲ್ಲಿ ಎರಡು ಖಂಡಗಳನ್ನು ಹೋಲಿಸಿದರೆ ಸಾಕು. ಆದರೆ ಕಾಲು ಕ್ಯಾಮೆರಾಕ್ಕೆ ಓರೆಯಾಗಿದ್ದರೆ ಉದ್ದದ್ದು ಗಿಡ್ಡವಾಗಿಯೂ ಗಿಡ್ಡದ್ದು ಉದ್ದವಾಗಿಯೂ ಕಂಡು ಮೋಸವಾಗುತ್ತದೆ. ಕಾಲು ಚಿತ್ರದ ತಲಕ್ಕೆ ಸಮಾನಾಂತರವಾಗಿ ಚಾಚಿರಬೇಕು.

ಬಣ್ಣಕ್ಕೆ ಬಂದರೆ, ಲಾಂಗಿಟಾರ್ಸಸ್‌ನ ಕಾಲುಗಳು ಕಂದು ಅಥವಾ ಹಸಿರು ಬೆರೆತ ಕಂದು, ಹೊರಬದಿಯಲ್ಲಿ ಉದ್ದಕ್ಕೆ ನೀಲಿ ಛಾಯೆಯ ತಿಳಿ ಪಟ್ಟೆ. ಇನ್‌ಫ್ರಾಸ್ಪೈನೇಟಸ್ ಎಂಬ ಸೋದರ ಪ್ರಭೇದದಲ್ಲಿ ಕಡುಗಂದು ಕಾಲಿನ ಮೇಲೆ ಕಿತ್ತಳೆ ಪಟ್ಟೆ, ಅದು ಮರಳು ಬೆರೆತ ತೀರದಲ್ಲಿ ಹೆಚ್ಚು. ಹೊಸಬರಿಗೆ ಪಟ್ಟೆಯ ಬಣ್ಣವೇ ಮೊದಲು ಕಣ್ಣಿಗೆ ಬೀಳುವುದು, ಅದರಿಂದಲೇ ಶುರು ಮಾಡಲಿ ಬಿಡಿ. ಆದರೆ ಅದರಲ್ಲೇ ಮುಗಿಸಬಾರದು.

ಯಾಕೆ ಮುಗಿಸಬಾರದು ಎಂಬುದಕ್ಕೆ ಈ ಹೆಸರುಗಳ ಚರಿತ್ರೆಯಲ್ಲೇ ಉತ್ತರವಿದೆ. ಲಾಂಗಿಟಾರ್ಸಸ್ ಅನ್ನು 1849ರಲ್ಲಿ ವಿವರಿಸಿದವನು ನೆದರ್ಲೆಂಡ್ಸ್‌ನ ಲೈಡನ್ ವಸ್ತುಸಂಗ್ರಹಾಲಯದ ವಿಲ್ಲೆಮ್ ಡಿ ಹಾನ್. ಸೀಬೋಲ್ಡ್ ಎಂಬ ವೈದ್ಯ ಜಪಾನಿನಿಂದ ಕಳಿಸಿದ್ದ ಪ್ರಾಣಿಸಂಗ್ರಹಗಳ ಮೇಲೆ ಬಂದ ದೊಡ್ಡ ಗ್ರಂಥಮಾಲೆಯಲ್ಲಿ ಕಠಿಣಚರ್ಮಿಗಳ ಸಂಪುಟ ಅವನದು. ಆಗ ಅವನು ಇದನ್ನು ಪ್ಯಾಗ್ಯುರಸ್ ಎಂಬ ಕುಲದಲ್ಲಿ ಇಟ್ಟಿದ್ದ. ಮುಂದೆ ಡೇನ ಕ್ಲಿಬನೇರಿಯಸ್ ಕುಲ ಮಾಡಿದ ಮೇಲೆ ಇದು ಅಲ್ಲಿಗೆ ಬಂತು. ಆದ್ದರಿಂದಲೇ ಇವತ್ತಿಗೂ ಪಟ್ಟಿಗಳಲ್ಲಿ ಡಿ ಹಾನ್ ಹೆಸರನ್ನು ಕಂಸದೊಳಗೆ ಬರೆಯುತ್ತಾರೆ. ಪ್ರಾಣಿಯ ಹೆಸರಿನ ಪಕ್ಕ ಕಂಸ ಕಂಡರೆ, ಮೊದಲು ಬೇರೆ ಕುಲದಲ್ಲಿತ್ತು ಎಂದು ಓದಿಕೊಳ್ಳಬೇಕು.

ಆ ಕಾಲದ ವಿಜ್ಞಾನಿಗಳ ಮೇಜಿಗೆ ಬರುತ್ತಿದ್ದ ಏಡಿಗಳು ತಿಂಗಳುಗಟ್ಟಲೆ ಮದ್ಯಸಾರದಲ್ಲಿ ನೆನೆದು, ಬಣ್ಣ ಕಳೆದುಕೊಂಡು ಬರುತ್ತಿದ್ದವು. ಬಣ್ಣ ಬರೆಯಲು ಉಳಿದಿದ್ದರೆ ತಾನೆ? ಆದ್ದರಿಂದ ಅವರು ಖಂಡಗಳ ಅನುಪಾತ, ಮುಳ್ಳು, ಕೂದಲು, ಕಣ್ಣಿನ ತೊಟ್ಟಿನ ಉದ್ದ ಇವನ್ನೇ ಹಿಡಿದು ಬರೆದರು. ಡಿ ಮಾನ್ ಎಂಬ ಇನ್ನೊಬ್ಬ ಡಚ್ ವಿದ್ವಾಂಸ 1888ರಲ್ಲಿ ಈಗಿನ ಮ್ಯಾನ್ಮಾರ್‌ನ ಮೆರ್ಗುಯಿ ದ್ವೀಪಸ್ತೋಮದ ಏಡಿಗಳನ್ನು ವಿವರಿಸುವಾಗ ಕ್ಲಿಬನೇರಿಯಸ್ ಪದವೆನ್ಸಿಸ್ ಎಂಬುದನ್ನು ಸೇರಿಸಿದ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಆಲ್ಫ್ರೆಡ್ ಆಲ್ಕಾಕ್ 1905ರಲ್ಲಿ ಭಾರತದ ಸನ್ಯಾಸಿ ಏಡಿಗಳ ಪಟ್ಟಿಯನ್ನು ಪುಸ್ತಕವಾಗಿ ತಂದ. ಶತಮಾನ ಕಳೆದರೂ ಇಲ್ಲಿ ಸನ್ಯಾಸಿ ಏಡಿಗಳ ಬಗ್ಗೆ ಬರೆಯುವವರು ಅದನ್ನು ತಿರುವಿ ಹಾಕದೆ ಮುಂದೆ ಹೋಗುವುದಿಲ್ಲ. ನಾವು ಕೆಸರಿನಲ್ಲಿ ನಿಂತು ಮೊದಲು ನೋಡುವುದು ಬಣ್ಣ. ನಮ್ಮ ಕೈಯಲ್ಲಿರುವ ಹಳೆಯ ಕೀಲಿಗಳು, ಅಂದರೆ ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತ ಹೆಸರಿಗೆ ತಲುಪಿಸುವ ಪಟ್ಟಿಗಳು, ಕಟ್ಟಿರುವುದು ಬಣ್ಣ ಬಿಟ್ಟು ಉಳಿದ ಎಲ್ಲದರ ಮೇಲೆ. ಈ ಕೆಲಸದ ಕಷ್ಟ ಇರುವುದೇ ಇಲ್ಲಿ.

ಪದವೆನ್ಸಿಸ್ ಭಾರತದ ಅಳಿವೆಗಳಲ್ಲೂ ಇದೆ, ಲಾಂಗಿಟಾರ್ಸಸ್ ಇರುವಂತಹ ಕೆಸರಿನಲ್ಲೇ ಸಿಗುತ್ತದೆ, ಅದಕ್ಕೂ ಕಾಲಿನ ಮೇಲೆ ಪಟ್ಟೆಗಳಿವೆ. ಮೊಬೈಲ್ ಚಿತ್ರದಲ್ಲಿ ಇವೆರಡನ್ನು ಬೇರ್ಪಡಿಸಲು ಹೋಗಿ ತಿಳಿದವರೂ ಹಿಂದೇಟು ಹಾಕುತ್ತಾರೆ. ಬೇಕಾಗುವುದು ಎಡಗಾಲಿನ ಪ್ರೊಪೋಡಸ್‌ನ ಹೊರಮೈ ಚಪ್ಪಟೆಯೋ ದುಂಡೋ, ಅದರ ಅಂಚಿನಲ್ಲಿ ದಿಂಡು ಇದೆಯೋ, ಡ್ಯಾಕ್ಟಿಲಸ್‌ನ ಅನುಪಾತ ಎಷ್ಟು, ಇಕ್ಕುಳದ ಮೇಲಿನ ಮುಳ್ಳುಗಳು ಹೇಗೆ ಹರಡಿವೆ ಎಂಬ ವಿವರಗಳು. ಪಟ್ಟೆ ಎಷ್ಟು ಚಂದ ಕಂಡರೂ ಇವುಗಳ ಬದಲಿಗೆ ಬರುವುದಿಲ್ಲ.

ಒಂದೇ ಪಟ್ಟೆ, ಎರಡು ಪ್ರಭೇದ

ಪಟ್ಟೆಯ ಮೇಲೆ ಅತಿಯಾಗಿ ಭರವಸೆ ಇಡಬಾರದು ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಅಟ್ಲಾಂಟಿಕ್‌ನ ಆಚೆ ದಡದ್ದು. ಅಮೆರಿಕದ ಪೂರ್ವ ತೀರ, ಮೆಕ್ಸಿಕೊ ಕೊಲ್ಲಿ, ಕೆರಿಬಿಯನ್, ಬ್ರೆಜಿಲ್ ಇಷ್ಟೂ ಕಡೆಯ ಅಳಿವೆ, ಕಾಂಡ್ಲಾಗಳಲ್ಲಿ ಸಣ್ಣ ತಿಳಿಗೆರೆಗಳ ಕಾಲಿನ ಒಂದು ಕ್ಲಿಬನೇರಿಯಸ್ ಬಲು ಸಾಮಾನ್ಯ. 1802ರಲ್ಲಿ ಫ್ರಾನ್ಸಿನ ಬೋಸ್ಕ್ ಇಟ್ಟ ವಿಟಾಟಸ್ ಎಂಬ ಹೆಸರಿನಲ್ಲೇ ಎಲ್ಲವನ್ನೂ ಕರೆಯುತ್ತಿದ್ದರು. 1840ರಲ್ಲಿ ರ‍್ಯಾಂಡಲ್ ಎಂಬವನು ಸಿಮೆಟ್ರಿಕಸ್ ಎಂಬ ಪ್ರಭೇದ ಹೆಸರಿಸಿದ್ದ; ಅದು ವಿಟಾಟಸ್ ತಾನೇ ಎಂದು ಬಹಳ ಕಾಲ ಬದಿಗಿಟ್ಟಿದ್ದರು. 2014ರಲ್ಲಿ ನೆಗ್ರಿ, ಲೆಮೇಟ್ರ್ ಮತ್ತು ಮಾಂಟೆಲಾಟೊ ಎಂಬ ಮೂವರು ವಂಶವಾಹಿಗಳನ್ನೂ ದೇಹರಚನೆಯನ್ನೂ ಮತ್ತೆ ಪರೀಕ್ಷಿಸಿ ಇವು ಎರಡು ಬೇರೆ ಪ್ರಭೇದಗಳೇ ಎಂದು ತೋರಿಸಿದರು. ಉತ್ತರದ್ದು ವಿಟಾಟಸ್ ಆಗಿ ಉಳಿಯಿತು, ದಕ್ಷಿಣದ್ದಕ್ಕೆ ರ‍್ಯಾಂಡಲ್ ಕೊಟ್ಟ ಹೆಸರು ತಿರುಗಿ ಬಂತು. ಒಂದು ಹೆಸರಿನ ಕೆಳಗೆ ಅದುವರೆಗೆ ಬ್ರೆಜಿಲ್‌ನಲ್ಲಿ ನಡೆದಿದ್ದ ಎಷ್ಟೋ ಅಧ್ಯಯನಗಳು ಒಂದೇ ಸಲಕ್ಕೆ ಬೇರೊಂದು ಪ್ರಾಣಿಯ ಅಧ್ಯಯನಗಳಾದವು.

ಹಿಂದೂ ಮಹಾಸಾಗರದ ಈ ಬದಿಯಲ್ಲೂ ಇಂತಹ ಪ್ರಶ್ನೆ ಏಳುವುದು ಸಹಜ. ಕೆನ್ಯಾದಿಂದ ಜಪಾನಿನವರೆಗೆ ಹರಡಿರುವ ಜೀವಿ ನಿಜಕ್ಕೂ ಒಂದೇ ಪ್ರಭೇದವೇ ಎಂದು ಯಾರಾದರೂ ಕೇಳಬಹುದು. ಸನ್ಯಾಸಿ ಏಡಿಯ ಮರಿಗಳು ಮೊದಲು ನೀರಿನಲ್ಲಿ ತೇಲುವ ಲಾರ್ವಾಗಳಾಗಿ ಇರುತ್ತವೆ, ಶಂಖ ಹುಡುಕುವುದು ಆ ಹಂತ ಮುಗಿದ ಮೇಲೆ. ತೇಲುವ ಹಂತ ಇರುವುದರಿಂದ ದೂರದೂರಕ್ಕೆ ಹರಡುವುದು ಸಾಧ್ಯ. ಆದರೆ ಸಾಧ್ಯ ಎಂದ ಮಾತ್ರಕ್ಕೆ ಹಾಗೇ ಆಗಿದೆ ಎಂದು ಹೇಳಲಾಗದು. ಇಂತಹ ಕಡೆ ನೆರವಿಗೆ ಬರುವುದು ವಂಶವಾಹಿಯ ಬಾರ್‌ಕೋಡ್. ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳ ತುಣುಕನ್ನು ಓದಿ ಹೋಲಿಸುವ ಈ ಪದ್ಧತಿ 2003ರ ನಂತರ ಬಳಕೆಗೆ ಬಂದು ಈಗ ಸಾಮಾನ್ಯವಾಗಿದೆ. ಅದಕ್ಕೂ ಒಂದು ಮಿತಿ: ಹೋಲಿಸಲು ಸರಿಯಾಗಿ ಗುರುತಿಸಿದ ಮಾದರಿಯ ತುಣುಕು ಮೊದಲೇ ಸಂಗ್ರಹದಲ್ಲಿ ಇರಬೇಕು. ತಪ್ಪು ಹೆಸರು ಹೊತ್ತ ಮಾದರಿಯೊಂದು ಅಲ್ಲಿ ಸೇರಿಕೊಂಡಿದ್ದರೆ ಯಂತ್ರ ಅದೇ ತಪ್ಪನ್ನು ನಮಗೆ ಒಪ್ಪಿಸುತ್ತದೆ.

ಐನ್ಯಾಚುರಲಿಸ್ಟ್‌ನಂತಹ ಆ್ಯಪ್‌ಗಳು ಚಿತ್ರ ನೋಡಿ ಕೊಡುವ ಹೆಸರಿನ ಸಲಹೆಯೂ ಇದೇ ಬಗೆಯದು. ಅವುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ; ಕುಲದವರೆಗೆ ಅವು ಹಲವು ಸಲ ಸರಿಯಾಗಿಯೇ ತಲುಪಿಸುತ್ತವೆ. ಆದರೆ ಮೊದಲೇ ಜನ ಹಾಕಿದ ಚಿತ್ರಗಳಿಂದ ಕಲಿತ ಆ್ಯಪ್‌ಗೆ ಪಟ್ಟೆ ಕಾಣುತ್ತದೆ, ಶಂಖವೂ ಕಾಣುತ್ತದೆ. ದವಡೆಗಾಲಿನ ಬುಡ ಕಾಣುವುದಿಲ್ಲ.

ವಾಸಸ್ಥಳದ ಸಾಕ್ಷ್ಯ

ಎಲ್ಲಿ ಸಿಕ್ಕಿತು ಎಂಬುದು ಗುರುತಿಸುವಿಕೆಯಲ್ಲಿ ಅರ್ಧ ಕೆಲಸ ಮಾಡುತ್ತದೆ. ಕಾಂಡ್ಲಾ ಎಂದು ಬರೆದರೆ ಮಾತ್ರ ಸಾಲದು. ಊರುಗಾಲು ಬೇರುಗಳ ರೈಜೋಫೋರಾ ಬುಡವೋ, ನೆಲದಿಂದ ಕಡ್ಡಿಗಳಂತೆ ಏಳುವ ಉಸಿರುಬೇರುಗಳ ಅವಿಸೆನ್ನಿಯಾ ಬಯಲೋ, ತೋಡಿನ ಅಂಚೋ, ನೆಲದ ಕಡೆಯ ಒಣ ಅಂಚೋ ಎಂಬುದನ್ನು ಬರೆದುಕೊಳ್ಳಬೇಕು. ಕೆಸರು ಎಷ್ಟು ಮೆತ್ತಗೆ, ಮರಳು ಎಷ್ಟು ಬೆರೆತಿದೆ, ನೀರು ಎಷ್ಟು ಉಪ್ಪು, ಇಳಿತ ಎಷ್ಟಾಗಿತ್ತು ಎಂಬುದೂ ಬೇಕು. ಮಳೆಗಾಲದಲ್ಲಿ ನಮ್ಮ ನದಿಗಳು ಅಳಿವೆಗೆ ಸಿಹಿನೀರು ತುಂಬಿಬಿಡುತ್ತವೆ. ಅದೇ ಜಾಗ ಏಪ್ರಿಲ್‌ನಲ್ಲಿ ಉಪ್ಪುಪ್ಪು. ತಿಂಗಳಿನ ಹೆಸರು ಬರೆಯದ ದಾಖಲೆಯ ಬೆಲೆ ಅರ್ಧಕ್ಕೆ ಇಳಿಯುತ್ತದೆ.

ನಡವಳಿಕೆಯೂ ಸುಳಿವು ಕೊಡಬಲ್ಲದು. ಕೆನ್ಯಾದ ಮಿಡಾ ಕ್ರೀಕ್ ಎಂಬ ಕಾಂಡ್ಲಾ ಹಿನ್ನೀರಿನಲ್ಲಿ ಕ್ಲಿಬನೇರಿಯಸ್ ಲೇವಿಮೇನಸ್ ಎಂಬ ಪ್ರಭೇದ ನೀರಿಳಿದಾಗ ಬೇರುಗಳ ಸುತ್ತ ರಾಶಿ ರಾಶಿಯಾಗಿ ಗುಂಪುಗೂಡುತ್ತದೆ. ಇಟಲಿಯ ಫ್ರಾಂಚೆಸ್ಕಾ ಗೆರಾರ್ಡಿ ಮತ್ತು ಮಾರ್ಕೊ ವನ್ನೀನಿ 1990ರ ದಶಕದ ಆರಂಭದಲ್ಲಿ ಈ ಗುಂಪುಗಳನ್ನೇ ಅಧ್ಯಯನ ಮಾಡಿದರು. ಸತ್ತ ಬಸವನಹುಳುವಿನ ವಾಸನೆಗೂ ಸನ್ಯಾಸಿ ಏಡಿಗಳು ಬಂದು ಮುತ್ತಿಕೊಳ್ಳುತ್ತವೆ. ಅವಕ್ಕೆ ಬೇಕಾದದ್ದು ಮಾಂಸ ಅಷ್ಟೇ ಅಲ್ಲ, ಖಾಲಿಯಾಗುತ್ತಿರುವ ಮನೆಯೂ ಹೌದು. ಒಂದು ದೊಡ್ಡ ಏಡಿ ಹೊಸ ಶಂಖಕ್ಕೆ ಹೋದರೆ ಅದು ಬಿಟ್ಟದ್ದನ್ನು ಇನ್ನೊಂದು, ಅದು ಬಿಟ್ಟದ್ದನ್ನು ಮತ್ತೊಂದು ಹಿಡಿಯುತ್ತದೆ. ಇಂತಹ ಗುಂಪು ಸಿಕ್ಕಿದರೆ ಚಿತ್ರ ತೆಗೆಯುವವರಿಗೆ ಹಬ್ಬ, ಶಂಖ ಬದಲಿಸುವ ಆ ಕ್ಷಣದಲ್ಲಿ ಮಾತ್ರ ಹೊಟ್ಟೆಯ ಭಾಗ ಬಯಲಿಗೆ ಬರುತ್ತದೆ. ಅಂದ ಹಾಗೆ, ತೀರದಿಂದ ಖಾಲಿ ಶಂಖ ಆರಿಸಿ ಮನೆಗೆ ತರುವ ನಮ್ಮ ಹವ್ಯಾಸ ಇವುಗಳ ವಸತಿಯನ್ನೇ ಕಸಿದುಕೊಂಡ ಹಾಗೆ.

ಕರ್ನಾಟಕದಲ್ಲಿ ನೋಡಬೇಕೆನ್ನುವವರಿಗೆ ಕಾರವಾರದ ಕಾಳಿ, ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ, ಕುಂದಾಪುರ ಗಂಗೊಳ್ಳಿಯ ಪಂಚಗಂಗಾವಳಿ ಅಳಿವೆಗಳಲ್ಲಿ ಕಾಂಡ್ಲಾ ಇದೆ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹೊನ್ನಾವರದಲ್ಲಿ ಶರಾವತಿ ಕಾಂಡ್ಲಾದೊಳಗೆ ಹಲಗೆಯ ನಡಿಗೆದಾರಿ ಇದೆ, ಕೆಸರಿಗೆ ಇಳಿಯದೆಯೇ ಬೇರುಗಳ ಬುಡ ನೋಡಬಹುದು. ಇಳಿಯಲೇಬೇಕು ಎಂದಿದ್ದರೆ ಉಬ್ಬರದ ವೇಳೆ ಬಲ್ಲ ಮೀನುಗಾರರನ್ನು ಕೇಳಿಕೊಂಡು, ಜೊತೆಗಿಟ್ಟುಕೊಂಡು ಇಳಿಯಿರಿ. ಕಾಂಡ್ಲಾದ ಹೂಳು ಮೊಣಕಾಲು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ಚಿತ್ರ ಹೇಗಿರಬೇಕು

ಏಡಿಯನ್ನು ಶಂಖದಿಂದ ಎಳೆದು ತೆಗೆಯಲು ಹೋಗಬೇಡಿ. ಪ್ರಾಣ ಹೋದರೂ ಹಿಡಿತ ಬಿಡದ ಪ್ರಾಣಿ ಇದು. ಎಳೆದರೆ ಮೈ ಎರಡಾಗುತ್ತದೆ. ಸುಮ್ಮನೆ ಕಾಯುವುದೊಂದೇ ಉಪಾಯ. ಬಿಳಿ ತಟ್ಟೆಯಲ್ಲಿ ಅದೇ ತೋಡಿನ ನೀರನ್ನು ಒಂದು ಬೆರಳಿನಷ್ಟು ಹಾಕಿ, ಏಡಿಯನ್ನು ಬಿಟ್ಟು, ನೆರಳು ಬೀಳದಂತೆ ಪಕ್ಕಕ್ಕೆ ಸರಿದು ಕುಳಿತರೆ ಕೆಲವೇ ನಿಮಿಷದಲ್ಲಿ ಕಣ್ಣು, ಮೀಸೆ, ಕಾಲು ಒಂದೊಂದಾಗಿ ಹೊರಗೆ ಬರುತ್ತವೆ. ನಲ್ಲಿ ನೀರು ಹಾಕಬಾರದು. ಪಾರದರ್ಶಕ ಡಬ್ಬಿ ಇದ್ದರೆ ಇನ್ನೂ ಒಳ್ಳೆಯದು, ಕೆಳಗಿನಿಂದಲೂ ನೋಡಬಹುದು, ದವಡೆಗಾಲುಗಳ ಬುಡ ಕಾಣುವ ಅದೃಷ್ಟವೂ ಇದ್ದೀತು.

ತಜ್ಞರ ಕೈಗೆ ಕೊಡಬಹುದಾದ ಚಿತ್ರಗಳು ಇವು: ತಲೆಯ ನೇರ ಮೇಲಿನಿಂದ, ಕಣ್ಣಿನ ಹುರುಪೆಗಳ ನಡುವಿನ ಜಾಗ ಕಾಣುವಂತೆ ಒಂದು, ಎರಡೂ ಇಕ್ಕುಳಗಳು ಒಟ್ಟಿಗೆ ಕಾಣುವಂತೆ ಮುಂದಿನಿಂದ ಒಂದು, ಎಡಬದಿಯ ನಡಿಗೆ ಕಾಲುಗಳು ಪೂರ್ತಿ ಚಾಚಿದಾಗ ಪಕ್ಕದಿಂದ ಒಂದು, ಬಲಬದಿಯದೂ ಒಂದು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಶಂಖದ ಚಿತ್ರ ಕೊನೆಗೆ ಒಂದು ತೆಗೆದರೆ ಸಾಕು, ಅದು ಬಸವನಹುಳುಗಳ ಬಗ್ಗೆ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರುತ್ತದೆ. ಬೆಳಕು ಹಳದಿಯಾದ ಸಂಜೆಯಲ್ಲಿ ನೀಲಿ ಪಟ್ಟೆ ಬೂದಿಯಂತೆ ಕಾಣುತ್ತದೆ, ಆದ್ದರಿಂದ ಪಟ್ಟೆಯ ಬಣ್ಣವನ್ನು ಕಣ್ಣಾರೆ ಕಂಡಂತೆ ಆಗಲೇ ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಏಡಿ ಸಿಕ್ಕಿದ ಅದೇ ಬೇರಿನ ಬುಡಕ್ಕೆ ಅದನ್ನು ಬಿಡಬೇಕು.

ಇಷ್ಟೆಲ್ಲ ಇದ್ದರೂ ಹೆಸರು ಪೂರ್ತಿ ಸಿಗದೆ ಇರಬಹುದು. ಆಗ ಬರೆಯುವ ಕ್ರಮವೂ ವಿಜ್ಞಾನದಲ್ಲಿ ಇದೆ. ಕುಲ ಖಚಿತ, ಪ್ರಭೇದ ಗೊತ್ತಿಲ್ಲ ಎಂದರೆ ಕ್ಲಿಬನೇರಿಯಸ್ ಎಸ್‌ಪಿ. ಎಂದು ಬರೆಯುತ್ತಾರೆ. ಲಾಂಗಿಟಾರ್ಸಸ್‌ಗೆ ಹೋಲುತ್ತದೆ, ಆದರೆ ಎಲ್ಲ ಲಕ್ಷಣಗಳನ್ನೂ ತಾಳೆ ನೋಡಿಲ್ಲ ಎಂದರೆ ನಡುವೆ ಸಿಎಫ್. ಎಂದು ಸೇರಿಸುತ್ತಾರೆ, ಹೋಲಿಸಿ ನೋಡಿ ಎಂಬ ಲ್ಯಾಟಿನ್ ಪದದ ಸಂಕ್ಷೇಪ ಅದು. ಕಡ್ಡಾಯವಾಗಿ ಪೂರ್ತಿ ಹೆಸರು ಬರೆಯಲೇಬೇಕು ಎಂಬ ಹಟದಿಂದ ಪಟ್ಟಿಗಳಲ್ಲಿ ಸೇರಿದ ತಪ್ಪುಗಳನ್ನು ಮುಂದಿನವರು ದಶಕಗಟ್ಟಲೆ ನಕಲು ಮಾಡುತ್ತಾರೆ, ಅಂತಹ ಪಟ್ಟಿಗಿಂತ ಎಸ್‌ಪಿ. ಎಂದು ನಿಲ್ಲಿಸಿದ ದಾಖಲೆಯೇ ನನ್ನ ಲೆಕ್ಕದಲ್ಲಿ ಮೇಲು. ಮರಿಗಳ ವಿಷಯದಲ್ಲಂತೂ ಇದನ್ನು ನಿಯಮವಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಅವುಗಳ ಕಾಲಿನ ಅನುಪಾತ ಬೆಳೆಯುತ್ತ ಬದಲಾಗುತ್ತದೆ, ಪಟ್ಟೆ ಇನ್ನೂ ಮೂಡಿರುವುದಿಲ್ಲ, ಮೂಡಿದ್ದರೂ ಮಸುಕು. ಶೀಲ್ಡ್ ಎರಡು ಮೂರು ಮಿಲಿಮೀಟರ್ ಇರುವ ಮರಿಯೊಂದು ಸಿಕ್ಕಿದರೆ ಕುಲದ ಹೆಸರು, ಜಾಗ, ತಾರೀಖು ಬರೆದಿಟ್ಟು, ಅದೇ ಬೇರಿನ ಸುತ್ತ ಬೆಳೆದದ್ದೊಂದು ಇದೆಯೇ ಎಂದು ಹುಡುಕಿ.